ನಾಗವ್ವನ ಸಾಲಿಗೆ ಎಷ್ಟು ಮಾರ್ಕು

ನನ್ನ ತಮ್ಮ ಮಾಂತುವಿನ ಮನೆಗೆ ಹೋದರೆ ಮೊದಲು ನೀರು ಕೊಡುವುದಿಲ್ಲ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದ ತೋರಿಸುತ್ತಾರೆ. ಇವತ್ತು ಯಾರು ಏನು ಮಾಡಬೇಕು ಅನ್ನುವುದೆಲ್ಲ ಅದರಲ್ಲಿರುತ್ತದೆ. ಒಂದು ಸಲ ನನ್ನ ಹೆಸರೂ ಇತ್ತು: "ಪಾರಕ್ಕ, ಬರುವುದು." ನಾನು ಬಂದು ಎದುರಿಗೇ ನಿಂತಿದ್ದೇನೆ, ಚಪ್ಪಲಿ ಇನ್ನೂ ಕಾಲಲ್ಲೇ ಇದೆ. ಆದರೂ ಅವನು ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿ ಬಂದ ಮೇಲೆಯೇ ನಾನು ಬಂದ ಹಾಗಾಯಿತು.

"ಈಗ ಡನ್ ಆತ್ ನೋಡಕ್ಕಾ" ಅಂದ.

ಏನು ಡನ್ನೋ ಏನು ಸುಡುಗಾಡೋ. ಪುಣೆಯ ಸ್ವಾರಗೇಟಿನ ಹತ್ತಿರ ನನ್ನದೊಂದು ಸೀರೆಗೆ ಫಾಲ್ ಹಚ್ಚುವ ಅಂಗಡಿ ಇದೆ. ಅದರ ಬಾಗಿಲು ಹಾಕಿ, ಎರಡು ಬಸ್ಸು ಬದಲಿಸಿ, ಆಮೇಲೆ ಸಿಕ್ಸ್ ಸೀಟರ್ ಆಟೋದಲ್ಲಿ ಯಾರದೋ ತೊಡೆಯ ಮೇಲೆ ಅರ್ಧ ಕೂತು ಅವನ ಮನೆ ಇರುವ ಹಿಂಜವಾಡಿ ಮುಟ್ಟಬೇಕು. ಅಷ್ಟು ಮಾಡಿ ಬಂದ ಅಕ್ಕನಿಗೆ "ಆರಾಮ ಇದ್ದೀಯೇನು" ಅಂತ ಕೇಳುವುದು ಅವನ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಕೇಳಲಿಲ್ಲ.

ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ಊರವರೆಲ್ಲ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ನೋಡುತ್ತಿದ್ದರೆ ನಮ್ಮವನದು ಕರಿ ಪರದೆ, ಮೇಲೆ ಬರೀ ಅಕ್ಷರ. ಅದೊಂದು ಬರೆಯುವ ಪ್ರೋಗ್ರಾಮಂತೆ. ಸಾಲಿನ ಮುಂದೆ ಒಂದು ನಕ್ಷತ್ರ ಹಾಕಿದರೆ ಅದು ಮಾಡಬೇಕಾದ ಕೆಲಸ. ಅದರ ಕೆಳಗೆ ಎರಡು ನಕ್ಷತ್ರ ಹಾಕಿದರೆ ಅದರ ಮರಿ ಕೆಲಸ. ಮರಿಗಳೆಲ್ಲ ಮುಗಿದರೆ ತಾಯಿ ಕೆಲಸ ತಾನೇ ಡನ್, ಅಂದರೆ ಮುಗಿಯಿತು, ಎಂದು ಬರೆದುಕೊಳ್ಳುತ್ತದೆ. ದಿನಾ ಮಾಡುವ ಕೆಲಸ ಇವತ್ತು ಮುಗಿಸಿದರೆ ನಾಳೆಯ ತಾರೀಖು ಹಾಕಿಕೊಂಡು ಮತ್ತೆ ಎದ್ದು ಕೂರುತ್ತದೆ. ನಿಂತ ಗೆರೆ, ಮಲಗಿದ ಗೆರೆ ಹೊಡೆದು ಖಾನೆ ಮಾಡಿ ಕೆಳಗೊಂದು ಸೂತ್ರ ಬರೆದರೆ ಲೆಕ್ಕವನ್ನೂ ಅದೇ ಮಾಡುತ್ತದೆ.

"ಇದು ಬರೇ ಅಕ್ಷರ ಅಕ್ಕಾ. ನೂರು ವರ್ಷ ಆದ್ಮ್ಯಾಲೂ ತೆರೀತದ" ಅನ್ನುತ್ತಾನೆ. ನೂರು ವರ್ಷದ ಮೇಲೆ ಇವನು ಹಾಲಿನ ಪಾಕೀಟು ತಂದನೋ ಇಲ್ಲವೋ ಅಂತ ಯಾರಿಗೆ ನೋಡುವ ಹಂಬಲ, ದೇವರೇ ಬಲ್ಲ.

ನಮ್ಮಪ್ಪ ನಿಜಲಿಂಗಪ್ಪ ಮಾಂತುವಿನ ಮನೆಯಲ್ಲೇ ಇರುತ್ತಾನೆ. ಮುಧೋಳದಿಂದ ಪುಣೆಗೆ ಬಂದು ಬಟ್ಟೆ ಅಂಗಡಿಗಳಲ್ಲಿ ಗುಮಾಸ್ತಗಿರಿ ಮಾಡಿ ನಮ್ಮನ್ನು ದೊಡ್ಡವರನ್ನಾಗಿ ಮಾಡಿದವನು. ಅವನ ಹೆಸರಿನ ಮುಂದೆ "ವಾಕಿಂಗ್" ಅಂತ ಇದೆ. ಪಾಪ, ದಿನಾ ಹೋಗಿ ಬರುತ್ತಾನೆ, ಆದರೆ ಹೋಗಿ ಬಂದೆ ಅಂತ ಮಗನಿಗೆ ವರದಿ ಕೊಡುವುದಿಲ್ಲ. ಹಾಗಾಗಿ ಆ ಫೈಲಿನ ಪ್ರಕಾರ ಅಪ್ಪ ದಸರೆಯಿಂದ ಈಚೆಗೆ ಕುರ್ಚಿ ಬಿಟ್ಟು ಎದ್ದೇ ಇಲ್ಲ. ಒಂದು ದಿನ ಬೂಟು ಕೈಯಲ್ಲಿ ಹಿಡಿದು, ಬೆವರು ಒರೆಸಿಕೊಳ್ಳುತ್ತ ಅಪ್ಪ ಬಾಗಿಲಲ್ಲಿ ನಿಂತಿದ್ದರೆ ಇವನು ಎದುರು ನಿಂತು ಬುದ್ಧಿ ಹೇಳುತ್ತಿದ್ದ: "ಅಪ್ಪಾ, ನಿನ್ನ ಸರಾಸರಿ ಭಾಳ ಕಡಿಮಿ ಅದ. ಹಿಂಗಾದ್ರ ಬಿಪಿ ಏರ್ತದ." ಅಪ್ಪ "ಹೌದಪಾ, ನಾಳೆ ಹೋಗ್ತೇನಿ" ಅಂತ ಬೂಟು ಮೂಲೆಗಿಟ್ಟು ಒಳಗೆ ಹೋದ.

ಇದೆಲ್ಲ ನಗುವ ವಿಷಯ, ನಕ್ಕು ಬಿಟ್ಟೆ. ಆದರೆ ಡನ್ ಆದ ಕೆಲಸಗಳಲ್ಲಿ ಒಂದು ಮಾತ್ರ ನನ್ನ ಹೊಟ್ಟೆ ಉರಿಸಿತು. "ಗ್ಯಾಸ್ ಕನೆಕ್ಷನ್, ಹೆಸರು ಬದಲಿ." ನಮ್ಮವ್ವ ನಾಗವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ಅವಳ ಹೆಸರು ಕೂಗುತ್ತಿದ್ದವನು ಸಿಲಿಂಡರ್ ತರುವವನೊಬ್ಬನೇ. ಬಾಗಿಲಲ್ಲಿ ನಿಂತು "ನಾಗವ್ವಾ ನಿಜಲಿಂಗಪ್ಪಾ" ಅಂತ ಒದರುತ್ತಿದ್ದ, ಯಾರಾದರೂ ಹೋಗಿ ಸಹಿ ಮಾಡುತ್ತಿದ್ದರು. ಈಗ ಅವನೂ ಮಾಂತುವಿನ ಪೂರ್ತಿ ಹೆಸರು ಹಿಡಿದು "ಮಹಾಂತೇಶ್" ಅನ್ನುತ್ತಾನೆ. ಒಂದು ಹೆಸರು ಮನೆ ಬಿಟ್ಟು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮಾಂತುವಿನ ಹೆಂಡತಿ ಸ್ನೇಹಲ್ ತವರುಮನೆ ಸೋಲಾಪುರದಲ್ಲಿ ಬಾಣಂತನ ಮುಗಿಸಿ ಹೆಣ್ಣು ಕೂಸು ಎತ್ತಿಕೊಂಡು ಬಂದಳು. ಐದನೆಯ ತಿಂಗಳಲ್ಲಿ ಇಲ್ಲೇ ತೊಟ್ಟಿಲು ಕಟ್ಟಿ ಹೆಸರಿಡುವುದೆಂದು ಮೊದಲೇ ಮಾತಾಗಿತ್ತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ತಿನ್ನುವವಳು ನಾನಾದ ಮೇಲೆ ಹೆಸರು ಆರಿಸುವ ಹಕ್ಕೂ ನನ್ನದೇ. ಹಿಂದಿನಿಂದ ನಡೆದು ಬಂದದ್ದು ಹಾಗೆಯೇ.

"ನಾಗವ್ವ ಅಂತ ಇಡೋಣು" ಅಂದೆ.

ಮಾಂತು ತಲೆ ಕೆರೆದುಕೊಂಡ. ಸ್ನೇಹಲ್ ಕೂಸಿನ ಬಾಯಿ ಒರೆಸತೊಡಗಿದಳು, ಒರೆಸಲು ಅಲ್ಲಿ ಏನೂ ಇರಲಿಲ್ಲ. ಅವಳ ಅಪ್ಪ ಶಿವಪುತ್ರಪ್ಪನವರು, ನಿವೃತ್ತ ಹೆಡ್ ಮಾಸ್ತರರು, ಮಗಳನ್ನು ಬಿಡಲು ಬಂದವರು ಹೆಸರಿಡುವುದು ಮುಗಿಯಲಿ ಅಂತ ಉಳಿದುಕೊಂಡಿದ್ದರು. ಅವರು ಗಂಟಲು ಸರಿಮಾಡಿಕೊಂಡು, "ಹೆಸರು ಛಲೋ ಅದರಿ, ಭಾಳ ಛಲೋ ಅದ. ಆದ್ರ ಈಗಿನ ಕಾಲಕ್ಕ..." ಅಂತ ಮಾತು ಅರ್ಧಕ್ಕೆ ಬಿಟ್ಟರು. ಅರ್ಧಕ್ಕೆ ಬಿಟ್ಟ ಮಾತಿನ ಅರ್ಥ ನನಗೆ ಪೂರ್ತಿ ಗೊತ್ತಾಯಿತು.

"ಅಕ್ಕಾ, ಒಬ್ರು ಹೇಳಿದ್ದ ಆಗಬೇಕು ಅನ್ನೂ ಕಾಲ ಹೋತು" ಅಂದ ಮಾಂತು. "ಎಲ್ಲಾರೂ ಹತ್ತಕ್ಕ ಮಾರ್ಕು ಕೊಡೋಣು. ಸೂತ್ರ ಹಾಕ್ತೇನಿ. ಯಾವ್ದು ಸರಾಸರಿ ಹೆಚ್ಚು ಬರ್ತದೋ ಅದು. ಜಗಳ ಇಲ್ಲ, ಗಿಗಳ ಇಲ್ಲ."

"ಕೂಸಿಗೆ ಹೆಸರಿಡತೀಯೋ, ಟೆಂಡರ್ ಕರೀತೀಯೋ?" ಅಂದೆ. ಯಾರು ಕೇಳಬೇಕು!

ಹೆಸರುಗಳು ನಾಲ್ಕಾದವು. ಮಾಂತುವಿನದು ಆರ್ಯಾ. ಸ್ನೇಹಲಳದು ಸಾನ್ವಿ. ಬೀಗರದು ನೀಲಾಂಬಿಕಾ. ನನ್ನದು ನಾಗವ್ವ. ಅಪ್ಪ ಯಾವ ಹೆಸರನ್ನೂ ಹೇಳಲಿಲ್ಲ, "ನೀವ ನೋಡ್ರಿ" ಅಂದು ಪೇಪರ್ ಬಿಡಿಸಿದ. ಅಪ್ಪನ ಮೇಲೆ ಆಗಲೇ ನನಗೆ ಸಿಟ್ಟು ಶುರುವಾಗಿದ್ದು. ಹೆಂಡತಿಯ ಹೆಸರು ಮೊಮ್ಮಗಳಿಗೆ ಇರಲಿ ಅಂತ ಒಂದು ಮಾತು ಬಾಯಿಂದ ಬರಬಾರದೇ?

ಮಾರ್ಕು ತೆಗೆದುಕೊಳ್ಳುವುದಕ್ಕೂ ಒಂದು ಪದ್ಧತಿ. ಮಾಂತು ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಹೆಸರು ಓದಬೇಕು, ನಾವು ಆ ಹೆಸರನ್ನು ತಿರುಗಿ ಹೇಳಿ ಆಮೇಲೆ ಮಾರ್ಕು ಹೇಳಬೇಕು. ಆಫೀಸಿನಲ್ಲಿ ಅಮೆರಿಕದವರ ಜೊತೆ ಫೋನಿನಲ್ಲಿ ಹಾಗೆಯೇ ಮಾಡುತ್ತಾರಂತೆ, ತಪ್ಪಾಗುವುದಿಲ್ಲವಂತೆ. ನನಗೆ ಅಂಗಡಿಗೆ ಫೋನ್ ಮಾಡಿದ. ಎದುರಿಗೆ ಗಿರಾಕಿ ಸೀರೆ ಹಿಡಿದು ನಿಂತಿದ್ದಾಳೆ, ನಾನು "ಆರ್ಯಾ, ಸೊನ್ನಿ. ಸಾನ್ವಿ, ಸೊನ್ನಿ" ಅಂತ ಒದರುತ್ತಿದ್ದೇನೆ. ನೀಲಾಂಬಿಕಾ ಒಳ್ಳೆಯ ಹೆಸರೇ, ಅದಕ್ಕೂ ಸೊನ್ನೆ. ನಾಗವ್ವನಿಗೆ ಹತ್ತು. ಹನ್ನೊಂದು ಹಾಕಲು ಬರುತ್ತದೆಯೇ ಅಂತ ಕೇಳಿದೆ, ಬರುವುದಿಲ್ಲ ಅಂದ.

ಭಾನುವಾರ ಎಲ್ಲರೂ ಕೂಡಿದೆವು. ಬರುವ ಗುರುವಾರ ತೊಟ್ಟಿಲ ಕಾರ್ಯಕ್ರಮ. ಟೀಪಾಯಿಯ ಮೇಲೆ ಲ್ಯಾಪ್‌ಟಾಪ್, ಅದರ ಪಕ್ಕದಲ್ಲಿ ಚುರುಮುರಿ. ಅಪ್ಪ ಕಿಟಕಿಯ ಹತ್ತಿರ ಕುರ್ಚಿಯಲ್ಲಿ. ಮಾಂತುವಿನ ಮುಖ ನೋಡಬೇಕಿತ್ತು, ಮಂತ್ರಿ ಬಂದು ಸೇತುವೆ ಉದ್ಘಾಟನೆ ಮಾಡುವಾಗ ಇರುವಂಥ ಮುಖ.

"ಬರೇ ಹೆಸರಲ್ಲ" ಅಂದ. "ಹೆಸರು ಬಂದ ಕೂಡ್ಲೆ 'ಹೆಸರು ಆರಿಸುವುದು' ಅನ್ನೂ ಕೆಲಸ ತಾನ ಡನ್ ಆಗ್ತದ. ಅದು ಡನ್ ಆದ ಕೂಡ್ಲೆ ಏಕನಾಥಗ ತಾನ ಮೆಸೇಜ್ ಹೋಗ್ತದ. ನಾ ಏನೂ ಮುಟ್ಟಂಗಿಲ್ಲ."

ಏಕನಾಥ ಅಂದರೆ ನನ್ನ ಅಂಗಡಿಯ ಓಣಿಯಲ್ಲೇ ಥರ್ಮಾಕೋಲ್ ಕತ್ತರಿಸುವವನು. ಇಲ್ಲಿ ಹೆಸರಿಡುವ ದಿನ ಕೂಸಿನ ಹೆಸರನ್ನು ದೊಡ್ಡ ದೊಡ್ಡ ಥರ್ಮಾಕೋಲ್ ಅಕ್ಷರದಲ್ಲಿ ಮಾಡಿಸಿ ತೊಟ್ಟಿಲ ಹಿಂದೆ ನಿಲ್ಲಿಸುತ್ತಾರೆ.

ಮಾಂತು ಗುಂಡಿ ಒತ್ತಿದ. ಅಂಕಿಗಳು ಬಂದು ತಮ್ಮ ತಮ್ಮ ಖಾನೆಯಲ್ಲಿ ಕೂತವು.

ಆರ್ಯಾ ಮೂರು. ಸಾನ್ವಿ ಮೂರು. ನೀಲಾಂಬಿಕಾ ಮೂರು. ನಾಗವ್ವ ಹತ್ತು.

ಕೋಣೆಯಲ್ಲಿ ಚುರುಮುರಿ ಅಗಿಯುವ ಸಪ್ಪಳ ನಿಂತಿತು. "ಅಯ್ಯ ಶಿವನ!" ಅಂದರು ಬೀಗರು. ನಾನಂತೂ ಕೂತಲ್ಲಿಂದ ಎದ್ದೇ ಬಿಟ್ಟೆ. "ಹತ್ತಕ್ಕ ಹತ್ತು! ನೋಡು, ನಿನ್ನ ಮಿಶಿನ್ನಿಗೆ ನಿನಗಿಂತಾ ಬುದ್ಧಿ ಅದ!" ಅಂದೆ. ಆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಬೇಕೆನ್ನಿಸಿತು ನನಗೆ.

ಮಾಂತು ಪರದೆಯೊಳಕ್ಕೆ ಮುಖ ಹಾಕಿ ಸಾಲು ಸಾಲು ನೋಡಿದ. ಆಗ ಎಲ್ಲ ಹೊರಗೆ ಬಂತು. ಮಾರ್ಕು ಕೊಟ್ಟವರು ಐದು ಜನ, ಅಪ್ಪನನ್ನು ಬಿಟ್ಟು ಒಬ್ಬೊಬ್ಬರೂ ತಾವು ಹೇಳಿದ ಹೆಸರಿಗೆ ಹತ್ತು, ಉಳಿದವರು ಹೇಳಿದ್ದಕ್ಕೆ ಸೊನ್ನೆ. ಗಂಡ ಹೆಂಡತಿಗೆ ಸೊನ್ನೆ ಕೊಟ್ಟಿದ್ದ, ಹೆಂಡತಿ ಗಂಡನಿಗೆ ಸೊನ್ನೆ ಕೊಟ್ಟಿದ್ದಳು, ಬೀಗರು ಇಬ್ಬರಿಗೂ. ಅಪ್ಪ ಆ ಮೂರು ಹೆಸರಿಗೂ ಐದೈದು ಕೊಟ್ಟು ಸುಮ್ಮನಾಗಿದ್ದ. ಆದರೆ ನಾಗವ್ವನ ಸಾಲಿನಲ್ಲಿ ನನ್ನ ಹತ್ತೊಂದೇ, ಉಳಿದ ನಾಲ್ಕು ಖಾನೆ ಖಾಲಿ. ಖಾಲಿ ಖಾನೆಯನ್ನು ಸೂತ್ರ ಎಣಿಸುವುದಿಲ್ಲ. ಒಬ್ಬಳು ಕೊಟ್ಟದ್ದನ್ನು ಒಂದರಿಂದ ಭಾಗಿಸಿ ಹತ್ತು ಅಂದಿತ್ತು.

"ಆಮ್ಯಾಲೆ ಹೇಳ್ತೇನಿ ಅಂದವ್ರು ಯಾಕ ಖಾಲಿ ಬಿಟ್ರಿ?" ಅಂತ ಮಾಂತು ಮಾವನನ್ನು ಕೇಳಿದ.

"ಅಲ್ರೀ, ಬೀಗತಿಯವರು ದೊಡ್ಡವರು, ತೀರಿಕೊಂಡವರು. ಅವರ ಹೆಸರಿಗೆ ಸೊನ್ನಿ ಅಂತ ಬಾಯಿಲೆ ಹೆಂಗ ಅನ್ನೂದು? ಸಭ್ಯಸ್ತರು ಅನ್ನೂ ಮಾತ?" ಅಂದರು ಹೆಡ್ ಮಾಸ್ತರರು. ಜೀವಮಾನವೆಲ್ಲ ಹುಡುಗರಿಗೆ ಸೊನ್ನೆ ಸುತ್ತಿದ ಕೈ ಅದು.

"ಅತ್ತಿಯವರ ಹೆಸರು ನಾ ಹೆಂಗ ಹೇಳಲ್ರಿ?" ಅಂದಳು ಸ್ನೇಹಲ್. "ನೀವು ಹೆಸರು ತಿರುಗಿ ಹೇಳು ಅಂದ್ರಿ. ಅದಕ್ಕ ಮುಂದಿಂದು ಓದ್ರಿ ಅಂದೆ."

"ನಿಂದ್ಯಾಕೋ ಖಾಲಿ?" ಅಂತ ನಾನು ಮಾಂತುವನ್ನೇ ಕೇಳಿದೆ. ಆಮೇಲೆ ಹಾಕೋಣ ಅಂತ ಬಿಟ್ಟಿದ್ದನಂತೆ.

ಅಷ್ಟರಲ್ಲಿ ಫೋನ್ ಬಂತು. ಏಕನಾಥ. ಅವನಿಗೆ ಮೆಸೇಜ್ ಮುಟ್ಟಿ ಆಗಿತ್ತು. "ಸಾಹೇಬ, ನಾವ್ ನಕ್ಕೀ ನಾ? ಕಾಪೂ ಕಾ?" ಅಂತ ಕೇಳಿದ, ಹೆಸರು ಗಟ್ಟಿಯೇ, ಕತ್ತರಿಸಲೇ ಅಂತ. ಮಾಂತು ಗಾಬರಿಯಾಗಿ "ಥಾಂಬಾ, ಥಾಂಬಾ" ಅಂತ ಅವನನ್ನು ತಡೆದ. ಇವತ್ತೇ ಹೇಳದಿದ್ದರೆ ಗುರುವಾರಕ್ಕೆ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಮಾಡುತ್ತೇನೆ ಅಂತ ಏಕನಾಥ ಫೋನ್ ಇಟ್ಟ.

"ಥಾಂಬಾ ಯಾಕ? ಮಿಶಿನ್ನು ಹೇಳಿದ್ದ ಖರೆ ಅಂದಿದ್ದಿಲ್ಲೋ?" ಅಂದೆ.

"ಇದು ಬಗ್ ಅಕ್ಕಾ, ಪ್ರೋಗ್ರಾಮಿನ ತಪ್ಪು. ಖಾಲಿ ಇದ್ರ ಸೊನ್ನಿ ಅಂತ ಹಿಡೀಬೇಕು. ಒಂದ ಅಕ್ಷರ ಬದಲಿ ಮಾಡಿದ್ರ ಆತು."

"ಬಗ್ ಅಂತ ಬಗ್! ನಮ್ಮವ್ವನ ಹೆಸರು ಬಂದ ಕೂಡ್ಲೆ ಬಗ್ ಆತು. ಆರ್ಯಾ ಬಂದಿದ್ರ ಪೇಢೆ ಹಂಚ್ತಿದ್ದಿ."

ಅವನು ಸೂತ್ರದ ಸಾಲಿನಲ್ಲಿ ಏನೋ ಒತ್ತಿದ. ನೋಡುತ್ತಿದ್ದಂತೆ ಹತ್ತು ಇದ್ದದ್ದು ಎರಡಾಯಿತು. ಅವ್ವ ಎಲ್ಲರಿಗಿಂತ ಕೆಳಗೆ ಹೋದಳು.

"ಮೂರೂ ಮಂದಿಗೆ ಮೂರು ಮಾರ್ಕು ಅದ. ಇನ್ನ ಆ ಮೂರರಾಗ ಯಾವ್ದು ಅಂತ ಸೂತ್ರಕ್ಕ ಕೇಳ್ತೀಯೋ, ಚೀಟಿ ಎತ್ತತೀಯೋ?" ಅಂದೆ. ಅವನು ಅದನ್ನು ನೋಡಿಯೇ ಇರಲಿಲ್ಲ. "ಅದಿರ್ಲಿ. ಅವ್ವಗ ಸೊನ್ನಿ ಹಾಕಿದ್ಯಲ್ಲ, ಎದಿ ಮುಟ್ಟಿಕೊಂಡು ಹೇಳು, ನಿನ್ನ ಕೈಲೆ ಹಾಕ್ತಿದ್ದೇನು?"

"ನಾ ಎಲ್ಲೆ ಹಾಕೇನಿ? ಸೂತ್ರ ಹಾಕೇದ."

"ಸೂತ್ರಕ್ಕ ಅವ್ವ ಹಾಲು ಕುಡಿಸಿಲ್ಲೋ, ನಿನಗ ಕುಡಿಸ್ಯಾಳ. ಹಾಕೂದಿದ್ರ ನೀನ ಬೆರಳಿಲೆ ಹಾಕು. ಎಲ್ಲಾರೂ ಹಾಕ್ರಿ, ಈಗ, ನನ್ನ ಮುಂದ. ಖಾಲಿ ಬಿಡಬ್ಯಾಡ್ರಿ."

ಸಿಟ್ಟಿನ ಭರದಲ್ಲಿ ಅಂದೆ. ಆದರೆ ಮಾಂತುವಿಗೆ ಅದೇ ಸರಿ ಅನ್ನಿಸಿತು, ಖಾನೆ ಪೂರ್ತಿ ತುಂಬಿದರೆ ಸೂತ್ರದ ತಂಟೆಯೇ ಇಲ್ಲ. "ಮಾವಾರ, ಹೇಳ್ರಿ" ಅಂದ. ಬೀಗರು ಚುರುಮುರಿಯಲ್ಲಿ ಶೇಂಗಾ ಹುಡುಕುತ್ತ, "ಮೊದಲ ನೀವು ಹೇಳ್ರಿ, ನಿಮ್ಮ ತಾಯಿಯವರು" ಅಂದರು. ಸ್ನೇಹಲ್ "ಅಪ್ಪಾರು ಹೇಳಲಿ" ಅಂತ ತನ್ನ ತಂದೆಯನ್ನೇ ತೋರಿಸಿದಳು. ಮಾಂತುವಿನ ಬೆರಳು ಸೊನ್ನೆಯ ಗುಂಡಿಯ ಮೇಲೆ ಹೋಯಿತು, ನಿಂತಿತು, ಕನ್ನಡಕ ಸರಿಮಾಡಿಕೊಳ್ಳುವ ನೆವದಲ್ಲಿ ಹಿಂದಕ್ಕೆ ಬಂತು. ಬಸ್ಸು ಹತ್ತುವಾಗ ಒಬ್ಬರನ್ನೊಬ್ಬರು ತಳ್ಳುವ ಜನ ಇಲ್ಲಿ ನೀವು ಮೊದಲು, ನೀವು ಮೊದಲು ಅನ್ನುತ್ತ ಕೂತಿದ್ದರು.

ಕೊನೆಗೆ ಎಲ್ಲರೂ ಕಿಟಕಿಯ ಕಡೆ ತಿರುಗಿದರು.

"ಅಪ್ಪಾ, ನೀನ ಹೇಳಿಬಿಡು" ಅಂದ ಮಾಂತು. "ನೀ ಹೇಳಿದ್ದ ಎಲ್ಲಾರೂ ಹಾಕ್ತೇವಿ. ಹೆಸರು ಅನ್ನು, ಮಾರ್ಕು ಅನ್ನು."

ಅಪ್ಪ ಪೇಪರ್ ಮಡಚಿದ. ಬಾಯಿ ತೆರೆದ, ಮುಚ್ಚಿದ. ನನಗೆ ತಡೆಯಲಾಗಲಿಲ್ಲ. "ಏನಪಾ, ಇಷ್ಟು ವರ್ಷ ಸಂಸಾರ ಮಾಡಿದ್ಯಲ್ಲ, ಅಕಿ ಹೆಸರಿಗೆ ಐದು ಮಾರ್ಕು ಸುದ್ದಾ ಹುಟ್ಟಲಿಲ್ಲ ನಿನಗ? ಆರ್ಯಾಗ ಐದು, ಸಾನ್ವಿಗೆ ಐದು, ಅವ್ವಗ ಖಾಲಿ! ಅಕಿ ಅಷ್ಟು ಬ್ಯಾಡಾದ್ಳೇನು?"

"ಹಂಗಲ್ಲವಾ ಪಾರೂ" ಅಂದ ಅಪ್ಪ. ತಲೆ ತಗ್ಗಿಸಿಕೊಂಡೇ ಮಾತಾಡಿದ. "ಆ ಹೆಸರು ನನ್ನ ಬಾಯಿಲೆ ಬರೂದಿಲ್ಲ. ನಮ್ಮ ಕಾಲಕ್ಕ ಹೆಂಡ್ತಿ ಹೆಸರು ಹಿಡದು ಯಾರು ಕರೀತಿದ್ರು? ಏ ಇಕೀ ಅಂತಿದ್ದೆ. ನೀ ಹುಟ್ಟಿದ ಮ್ಯಾಲೆ ಪಾರೂನವ್ವಾ ಅಂತಿದ್ದೆ. ದವಾಖಾನ್ಯಾಗ ಪೇಶಂಟ್ ಹೆಸರೇನು ಅಂತ ನರ್ಸಬಾಯಿ ಕೇಳಿದ್ರ ಚೀಟಿ ತೋರಿಸಿದೆ. ಕಡೀಕ ಅಕಿ ಕಣ್ಣು ಮುಚ್ಚೂ ಮುಂದ ಒಮ್ಮೆ ಕರೀಬೇಕಂತ ಭಾಳ ಅನ್ನಿಸ್ತು. ಆಗಲಿಲ್ಲ." ಪೇಪರನ್ನು ಇನ್ನೊಂದು ಮಡಿಕೆ ಮಡಚಿ ಅಂದ, "ದಿನಾ ಇಡೀ ಈ ಕೂಸಿನ ಕೂಡ ಇರಾಂವ ನಾನು. ಅದ ಹೆಸರಿಟ್ರ ನಾ ಇದನ್ನ ಏನಂತ ಕರೀಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ, ನಿಂತವಳು ಹಾಗೆಯೇ ನೆಲದ ಮೇಲೆ ಕೂತೆ. ಆ ಹೆಸರು ಮನೆಯಲ್ಲಿ ಕೇಳಲಿ ಅಂತ ತಾನೇ ನಾನು ಇಷ್ಟೆಲ್ಲ ಹೊಡೆದಾಡಿದ್ದು? ಕರೆಯಬೇಕಾದವನ ಬಾಯಿಗೇ ಬೀಗ ಬೀಳುವುದಾದರೆ ಅಂಥ ಹೆಸರು ತೆಗೆದುಕೊಂಡು ನಾನೇನು ಮಾಡಲಿ?

"ಬಿಡಪಾ" ಅಂದೆ. "ಆರ್ಯಾ ಅಂತನ ಇಡ್ರಿ. ನಾನ ಕುರ್ರ್ ಅಂತೇನಿ, ಸಿಟ್ಟಿಲ್ಲ ನನಗ."

ಮಾಂತು ಗುಂಡಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಸ್ನೇಹಲ್ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗಲೇ ಫೋನ್ ಮತ್ತೆ ಬಡಿದುಕೊಳ್ಳತೊಡಗಿತು. ಏಕನಾಥನೇ. ಮಾಂತು ಅದನ್ನೇ ನೋಡುತ್ತ ಕೂತ, ಎತ್ತಲಿಲ್ಲ. ಅದು ಬಡಿದುಕೊಳ್ಳುವುದು ನಿಲ್ಲಿಸಲಿಲ್ಲ. ಅಪ್ಪ ಎದ್ದು ಬಂದು ಎತ್ತಿ ಕಿವಿಗೆ ಹಿಡಿದ.

ಏಕನಾಥನ ದನಿ ನಮಗೂ ಕೇಳುತ್ತಿತ್ತು, ಹಿಂದೆ ಸ್ವಾರಗೇಟಿನ ಬಸ್ಸುಗಳ ಹಾರ್ನು. "ನಾವ್ ಕಾಯ್, ಸಾಹೇಬ? ಬೋಲಾ!" ಹೆಸರೇನು, ಹೇಳಿ ಅಂತ.

ಅಪ್ಪ ನನ್ನನ್ನು ನೋಡಿದ, ಸ್ನೇಹಲಳ ತೊಡೆಯ ಮೇಲಿದ್ದ ಕೂಸನ್ನು ನೋಡಿದ.

"ನಾಗವ್ವ" ಅಂದ. ಪಕ್ಕದಲ್ಲಿದ್ದ ನಮಗೂ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ.

"ಕಾಯ್? ಐಕೂ ಯೇತ್ ನಾಹೀ!" ಅವನಿಗೆ ಕೇಳಿಸುತ್ತಿಲ್ಲವಂತೆ.

"ನಾಗವ್ವ."

"ಮೋಠ್ಯಾನೆ ಬೋಲಾ ಹೋ, ಗಾಡ್ಯಾ ಆಹೇತ್!" ಗಾಡಿಗಳ ಗದ್ದಲ, ಜೋರಾಗಿ ಹೇಳಿ ಅಂತ.

"ನಾಗವ್ವಾ!" ಅಂತ ಅಪ್ಪ ಕೂಗಿದ. ಕೂಸು ಬೆಚ್ಚಿ ಅಳತೊಡಗಿತು. ಆಚೆಯವನು "ನಾಗಮ್ಮಾ?" ಅಂದನೋ ಏನೋ, ಅಪ್ಪನಿಗೆ ರೇಗಿಹೋಯಿತು. ಪುಣೆಯಲ್ಲಿ ಇಷ್ಟು ವರ್ಷ ಬಾಳಿ ಕಲಿತ ಮರಾಠಿಯೆಲ್ಲ ಮರೆತು ಕನ್ನಡದಲ್ಲೇ ಒದರಿದ, "ನಾಗವ್ವಾ ಅಂದ್ರ ನಾಗವ್ವಾ! ನನ್ನ ಹೆಂಡ್ತಿ ಹೆಸರೋ ಅದು, ನೆಟ್ಟಗ ಕೇಳಿಸ್ಕೊ! ನಾಗವ್ವಾ!" ಎದುರಿನ ಫ್ಲ್ಯಾಟಿನವರು ಬಾಗಿಲು ತೆರೆದು ಇಣುಕಿದರು. ಆಚೆಯಿಂದ "ಹೋ ಹೋ, ನಾಗವ್ವಾ, ಸಮಜಲಂ", ತಿಳಿಯಿತು ತಿಳಿಯಿತು ಅಂತ ಕೇಳಿಸಿತು, ಫೋನ್ ಕಟ್ಟಾಯಿತು.

ಅಪ್ಪ ಅದನ್ನು ಕೆಳಗಿಡಲಿಲ್ಲ. ಆ ಕಡೆ ಯಾರೂ ಇಲ್ಲದ ಫೋನನ್ನು ಕಿವಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿ ನಿಂತು ಇನ್ನೊಂದು ಸಲ ಆ ಹೆಸರು ಹೇಳಿದ. ಈ ಸಲ ಕೂಗಲಿಲ್ಲ, ಮೆಲ್ಲಗೆ ಕರೆದ.